ಹುಲ್ಲಿನ ಬೆಲೆ ಹನ್ನೊಂದು ಫ್ರೇಮು

ಸೆಕೆಂಡಿಗೆ ಒಂಬತ್ತು ಫ್ರೇಮು. ಒಮ್ಮೊಮ್ಮೆ ಅದೂ ಇಲ್ಲ.
ಕುದುರೆ ಎತ್ತಿದ ಕಾಲು ಎತ್ತಿದಲ್ಲೇ ಇತ್ತು
ನಾನೊಂದು ಗುಟುಕು ಉಪ್ಪುಚಹಾ ಕುಡಿಯುವವರೆಗೆ.
ಆಮೇಲೆ ಕಾಲು ಊರಿದ್ದು ಕಾಣಲಿಲ್ಲ,
ಕುದುರೆಯೇ ಹಳ್ಳದಾಚೆ.

ಮಂಚಕ್ಕೆ ಒರಗಿದ್ದ ಅಜ್ಜ ಕಣ್ಣು ಕಿರಿದು ಮಾಡಿ
"ಓಯುನ್ದಾರಿ, ಅದು ಕುಂಟುತ್ತಿದೆ, ಇಳಿ" ಎಂದ.

ಕುಂಟುತ್ತಿರುವುದು ಕುದುರೆಯಲ್ಲ ಅಜ್ಜ, ಪೆಟ್ಟಿಗೆ.
ಅಮ್ಮ ನೆಲ ಒರೆಸುವ ಬ್ಯಾಂಕಿನವರು
ಹಳತೆಂದು ಹರಾಜಿಗಿಟ್ಟದ್ದು.
ನಾಲ್ಕು ಜಿಬಿ ಮೆಮೊರಿ, ಒಂದು ಕೀಲಿ ಬಿದ್ದುಹೋಗಿದೆ,
ಮುಚ್ಚಳದ ಮೇಲೆ ಯಾವುದೋ ಶಾಖೆಯ ನಂಬರು,
ತೊಡೆಗೆ ಹಾಕಿದ ಬರೆಯಂತೆ.

ಮೊದಲು ಹೊಟ್ಟೆ ಬಿಚ್ಚಿದೆ.
ಫ್ಯಾನಿನ ಸಂದಿಯಲ್ಲಿ ಕಲ್ಲಿದ್ದಲ ಮಸಿ,
ಉಲಾನ್‌ಬಾತರಿನ ಈ ಗುಡ್ಡದ ಮೇಲಿನ ಎಲ್ಲ ಗುಡಾರಗಳ ಒಲೆ
ಮೂರು ಚಳಿಗಾಲ ಉಗುಳಿದ್ದು,
ಕಂಬಳಿಯಂತೆ ಒತ್ತಾಗಿ ಕೂತಿತ್ತು.
ಅಜ್ಜ ನಶ್ಯದ ಬುಡ್ಡಿಯ ಮುಚ್ಚಳ ತಿರುಗಿಸಿ
ಎಲುಬಿನ ಪುಟ್ಟ ಚಮಚ ಕೊಟ್ಟ,
ನಲವತ್ತು ವರ್ಷ ನಶ್ಯ ಬಿಟ್ಟು ಬೇರೇನೂ ಮುಟ್ಟದ್ದು.
ಕೆರೆದೆ. ನಾನು ಸೀನಿದೆ. ಅಜ್ಜನೂ ಸೀನಿದ,
ಬೇರೆ ಕಾರಣಕ್ಕೆ.

ನಾರಾನ್‌ತೂಲ್ ಸಂತೆಯಲ್ಲಿ ಕೊಂಡ ಬೂದು ಲೇಪ,
ಅಕ್ಕಿಕಾಳಿನಷ್ಟು, ಹೆಚ್ಚು ಬೇಡ.
ಹದಿನಾಲ್ಕು.

ಹೊಸ್ತಿಲು ತುಳಿಯದೆ ಬಾಗಿಲ ಸಂದಿಗೆ ತಂದಿಟ್ಟೆ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಜನ ದುಡ್ಡು ಕೊಟ್ಟು ಕೊಳ್ಳುವ ತಂಪು
ನಮ್ಮ ಅಂಗಳದಲ್ಲಿ ಪುಕ್ಕಟೆ ಬಿದ್ದಿತ್ತು.
ಹದಿನಾರು!
"ಬಾಗಿಲು ಹಾಕೇ" ಎಂದಳು ಅಮ್ಮ.
ಹದಿನಾಲ್ಕು.

ಇನ್ನು ಉಳಿದದ್ದು ಕಳೆಯುವ ಲೆಕ್ಕ.
ನೆರಳು ತೆಗೆದೆ. ಮರ, ಮನುಷ್ಯ, ಕುದುರೆ
ದೆವ್ವಗಳಂತೆ ಬಿಸಿಲಲ್ಲಿ ನಿಂತರು.
ನದಿಯಲ್ಲಿ ಆಕಾಶ ಕಾಣುತ್ತಿತ್ತು, ಒರೆಸಿದೆ.
ದೂರದ ಬೆಟ್ಟಗಳಿಗೆ ಮಂಜು ಎಳೆದೆ.
ಹದಿನೇಳು.

ಹುಲ್ಲಿನ ಹತ್ತಿರ ಬೆರಳು ನಿಂತಿತು.
ಸಂಜೆಯಿಂದ ಅಜ್ಜ ನೋಡುತ್ತಿದ್ದದ್ದು ಅದನ್ನೇ,
ಗಾಳಿಗೆ ಬಾಗಿ ಏಳುವ ಎಸಳುಗಳನ್ನು.
ಒಂದೊಂದನ್ನೂ ಬಿಡಿಸಿ ಬಿಡಿಸಿ ಬರೆದು
ಏದುಸಿರು ಬಿಡುತ್ತಿತ್ತು ನನ್ನ ಬಡಪಾಯಿ ಯಂತ್ರ.

"ಅಜ್ಜ, ಹುಲ್ಲು ತೆಗೆದರೆ ಕುದುರೆ ಓಡುತ್ತೆ."

ಅಜ್ಜ ಒಲೆಗೆ ಒಂದು ಗಟ್ಟಿ ಇದ್ದಲು ಹಾಕಿ ಬಂದ.
"ಝಾವ್ಖಾನಿನಲ್ಲಿ ವರ್ಷಕ್ಕೆ ನಾಲ್ಕು ಸಲ ಮನೆ ಬಿಚ್ಚುತ್ತಿದ್ದೆವು.
ಒಂಟೆಯ ಮುಂದೆ ನಿಂತು ನಿನ್ನಜ್ಜಿ ಒಂದೊಂದೇ ಎತ್ತಿ ನೋಡುವಳು,
ಇದು ಬೇಕಾ, ಇದು ಬೇಕಾ.
ಒಂದು ಸಲ ಕನ್ನಡಿ ಬಿಟ್ಟುಬಂದಳು.
ಆ ಚಳಿಗಾಲ ಪೂರ್ತಿ ನನ್ನನ್ನು ಕೇಳುತ್ತಿದ್ದಳು
ಹೇಗಿದ್ದೇನೆ ಅಂತ."

"ಏನು ಹೇಳುತ್ತಿದ್ದೆ?"

"ತೆಗಿ, ತೆಗಿ. ಹುಲ್ಲು ತೆಗಿ."

ತೆಗೆದೆ.
ಬಯಲೆಲ್ಲ ಆಸ್ಪತ್ರೆಯ ಗೋಡೆಗೆ ಬಳಿದಂಥ ಹಸಿರು.
ಇಪ್ಪತ್ತೆಂಟು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಕುದುರೆಗೆ ನಾಲ್ಕು ಕಾಲು,
ನಾಲ್ಕೂ ಒಟ್ಟಿಗೆ ನೆಲ ಬಿಟ್ಟದ್ದನ್ನು
ಅವತ್ತೇ ನಾನು ಮೊದಲು ಕಂಡದ್ದು.

ಅಜ್ಜ ಎದ್ದು ಕೂತ. ಪರದೆಗೆ ಮೂಗು ತಾಗುವಷ್ಟು ಬಗ್ಗಿದ.
"ಇದನ್ನು ಮಾಡಿದವನು ಕುದುರೆ ಹತ್ತಿದವನಲ್ಲ.
ಹಿಂಗಾಲು ತಪ್ಪು ಇಡುತ್ತಿದೆ."
ಅಷ್ಟು ಹೊತ್ತು ಕಾಣದಿದ್ದ ತಪ್ಪು ಕಂಡದ್ದಕ್ಕೆ
ಅವನ ಮುಖ ಅರಳಿತ್ತು.
"ಕೊಡು ಇಲ್ಲಿ. ಎಡಕ್ಕೆ ತಿರುಗಿಸುವುದು ಯಾವುದು?"

ಬಿದ್ದುಹೋದ ಕೀಲಿಯೇ ಎಡದ್ದು.
ಅದು ಇದ್ದ ಗುಳಿಯಲ್ಲಿ ರಬ್ಬರಿನದೊಂದು ಮೊಳಕೆ ಉಳಿದಿದೆ.
ನಶ್ಯ ನಾರುವ ಅವನ ಬೆರಳು ಹಿಡಿದು
ಅದರ ಮೇಲಿಟ್ಟೆ.